ಚಳಿಗಾಲದ ನೆಂಟರು

ನಮ್ಮೂರು ಅಘನಾಶಿನಿ ಹೊಳೆಯ ದಂಡೆಯಲ್ಲಿದೆ. ಹೊಳೆ ಇಳಿತ ಆದಾಗ ಅಮ್ಮ ಬಳಚು ಹೆಕ್ಕಲು ಹೋಗುತ್ತಾಳೆ. ಚಳಿಗಾಲದಲ್ಲಿ ಕಡಲಹಕ್ಕಿಗಳೂ ಅಲ್ಲೇ ಹಿಂಡಾಗಿ ಕೂತಿರುತ್ತವೆ. ಹೋದ ವರ್ಷ ನಾನು ಸುಮ್ಮನೆ ಕಲ್ಲು ಹೊಡೆದೆ. ಒಂದು ಹಕ್ಕಿಯ ಕಾಲಿಗೆ ತಾಗಿತು. ಅದು ಕುಂಟಿಕೊಂಡು ಹೋಯಿತು. ಅಮ್ಮ ಬೈಯಲಿಲ್ಲ. "ಅದೂ ನಮ್ಮಂಗೇ ಹೊಟ್ಟೆಪಾಡಿಗೆ ಬಂದದ್ದಲ್ವಾ ಮಗಾ" ಅಂದಳು, ಅಷ್ಟೇ.

ಆಮೇಲೆ ಮಾಸ್ತರರು ಪುಸ್ತಕ ತೋರಿಸಿದರು. ಅದು ಕಂದು ತಲೆಯ ಕಡಲಹಕ್ಕಿಯಂತೆ. ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟುವ ಮೊದಲು ಹಿಮಾಲಯ ದಾಟಿ ಬರುತ್ತದೆ. ಇಲ್ಲಿರುವಾಗ ತಲೆ ಬಿಳಿ, ಕಣ್ಣಿನ ಹಿಂದೆ ಕಪ್ಪು ಮಚ್ಚೆ. ಬೇಸಿಗೆ ಹತ್ತಿರ ಬಂದು ತಲೆ ಕಂದಾಯಿತೆಂದರೆ ಊರಿಗೆ ಹೊರಡುವ ಹೊತ್ತಾಯಿತು ಎಂದರ್ಥ.

ಈ ವರ್ಷವೂ ಬಂದಿವೆ. ಕುಂಟುವ ಹಕ್ಕಿಯನ್ನು ದಿನಾ ಹುಡುಕುತ್ತೇನೆ. ಇನ್ನೂ ಕಂಡಿಲ್ಲ. ಗೆಳೆಯರೇ, ನಿಮಗೆ ಕಂಡರೆ ನನಗೆ ಹೇಳಿ.