ಮೊಮ್ಮಗಳಿಗೆ ಬ್ರಿಜ್ ಕಲಿಸಲು ಹೋಗಿ

ಬ್ರಿಜ್ ಎಂಬ ಇಸ್ಪೀಟಾಟದ ಹುಚ್ಚನ್ನು ಮೊಮ್ಮಗಳಿಗೂ ಹಿಡಿಸಬೇಕೆಂಬ ಆಸೆಯನ್ನು ನಾನೇ ಕೈಯಾರೆ ಕೆಡಿಸಿಕೊಂಡೆ.

ಬ್ಯಾಂಕ್ ನೌಕರಿಯಲ್ಲಿ ಮುಂಬಯಿಯಲ್ಲಿದ್ದಾಗ ಕಲಿತ ಆಟ. ನಿವೃತ್ತಿಯಾಗಿ ಕುಮಟೆಗೆ ಬಂದ ಮೇಲೆ ಹೊನ್ನಾವರ, ಭಟ್ಕಳದಿಂದ ಹಳೆಯ ಸಹೋದ್ಯೋಗಿಗಳು ಬಂದರೆ ಮಾತ್ರ ಆಟಕ್ಕೆ ಬೇಕಾದ ನಾಲ್ವರಾಗುತ್ತಿದ್ದೆವು. ಒಬ್ಬರು ತೀರಿಕೊಂಡರು, ಆಟ ನಿಂತಿತು. ಬೇಸಿಗೆ ರಜೆಗೆ ಮೊಮ್ಮಗಳು ಬಂದಾಗ ಮತ್ತೆ ಆಸೆ ಚಿಗುರಿತು. ಅಜ್ಜ ಮತ್ತು ಮಗು ಎದುರುಬದುರು ಕೂತು, ಸಮಸಮ ಹೊಣೆ ಹೊತ್ತು, ಒಂದೇ ಪಕ್ಷದಲ್ಲಿ ಆಡಬಹುದಾದ ಆಟ ಬೇರೆ ಎಷ್ಟಿವೆ? ವಯಸ್ಸೂ ಅಡ್ಡಿಯಲ್ಲ: 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಬ್ರಿಜ್‌ನಲ್ಲಿ ಭಾರತಕ್ಕೆ ಚಿನ್ನ ತಂದ ಪ್ರಣಬ್ ಬರ್ಧನ್‌ರಿಗೆ ಆಗ 60 ವರ್ಷ, ಜೊತೆಗಾರ ಶಿಬ್‌ನಾಥ್ ಸರ್ಕಾರ್‌ರಿಗೆ 56.

ನಾನು ಶುರು ಮಾಡಿದ್ದು ಬಿಡ್ಡಿಂಗಿನಿಂದ, ಅಂದರೆ ಕೂಗಿನಿಂದ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1. ಇಷ್ಟು ಅಂಕವಿದ್ದರೆ ಹೀಗೆ ಕೂಗು, ಜೊತೆಗಾರ ಹೀಗಂದರೆ ಹೀಗೆ ಉತ್ತರ ಕೊಡು. ಒಂದೆಲೆ ಇಳಿಸುವ ಮೊದಲೇ ಪುಟಗಟ್ಟಲೆ ಬರೆಸಿದೆ. ಆಡಲು ಕೂತಾಗ ಇನ್ನೂ ಕಷ್ಟ. ಪ್ರತಿ ಆಟ ಮುಗಿದ ಕೂಡಲೇ ಎಲೆಗಳನ್ನು ಮತ್ತೆ ಹರವಿ, ‘ಇಲ್ಲಿ ರಾಣಿ ಯಾಕೆ ಹಾಕಿದೆ?’ ಎಂದು ವಿಚಾರಣೆ. ಒಂದು ಸಂಜೆ ಎಲ್ಲರೆದುರು ದನಿ ಏರಿಸಿದೆ. ಹುಡುಗಿ ಅಳಲಿಲ್ಲ. ಎಲೆಗಳನ್ನು ಒಟ್ಟು ಮಾಡಿ ನನ್ನ ಕೈಗಿಟ್ಟು ಎದ್ದುಹೋದಳು. ಮತ್ತೆ ಆಡಲು ಕೂರಲಿಲ್ಲ.

ಅವಳಿಗೆ ಇಸ್ಪೀಟು ಬಾರದೆಂದಲ್ಲ. ಮದುವೆಮನೆಯ ಇಸ್ಪೀಟಿನ ಮಂಡಲದಲ್ಲಿ ಚಿಕ್ಕಪ್ಪಂದಿರ ಹಿಂದೆ ಕೂತು ‘ಇಪ್ಪತ್ತೆಂಟು’ ಕಲಿತಿದ್ದಳು. ಅದರಲ್ಲಿ ಗುಲಾಮನೇ ದೊಡ್ಡವನು, 3 ಅಂಕ. ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಆದರೆ ಅಲ್ಲೂ ಬ್ರಿಜ್‌ನಂತೆ ಎದುರು ಕೂತವರು ಜೊತೆಗಾರರು, ಕೂಗು ಇದೆ, ತುರುಫು ಇದೆ, ಇಳಿದ ಬಣ್ಣವನ್ನೇ ಹಾಕಬೇಕೆಂಬ ಕಟ್ಟು ಇದೆ. ಬ್ರಿಜ್‌ಗೆ ಬೇಕಾದ ಅರ್ಧ ಬುದ್ಧಿ ಅವಳಿಗೆ ಆಗಲೇ ಬಂದಿತ್ತು. ಅದನ್ನು ಕಟ್ಟೆಯ ಮೇಲಿನ ಆಟವೆಂದು ಬದಿಗೆ ತಳ್ಳಿದೆ. ಈಗಲೂ ನನ್ನನ್ನು ಹೆಚ್ಚು ಚುಚ್ಚುವುದು ಅವತ್ತಿನ ಏರುದನಿಯಲ್ಲ, ಈ ತಾತ್ಸಾರ.

ಮೊದಲು ಆಡಲು ಬಿಡಬೇಕು, ಪಾಠ ಆಮೇಲೆ ಎಂಬುದು ಯಕ್ಷಗಾನ ನೋಡುತ್ತ ಬೆಳೆದ ನನಗೆ ತಿಳಿಯಬೇಕಿತ್ತು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಶಂಭು ಹೆಗಡೆ, ಶಿವಾನಂದ ಹೆಗಡೆಯವರ ಮೂಲಕ ನಾಲ್ಕನೆಯ ತಲೆಮಾರಿನ ಶ್ರೀಧರ ಹೆಗಡೆಯವರವರೆಗೆ ಬಂದಿದೆ. ಎಳೆಯರು ಕೋಡಂಗಿಯಾಗಿಯೋ ಬಾಲಗೋಪಾಲನಾಗಿಯೋ ಮೊದಲು ರಂಗಕ್ಕೆ ಹೋಗುವುದು ಮೇಳಗಳ ಹಳೆಯ ಕ್ರಮ. ದೊಡ್ಡ ವೇಷ, ಅರ್ಥಗಾರಿಕೆ ಎಲ್ಲ ಆಮೇಲಿನದು.

ಯುರೋಪಿನ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುವ ಮಿನಿಬ್ರಿಜ್‌ನಲ್ಲೂ ಬಿಡ್ಡಿಂಗ್ ಇಲ್ಲ. ಎಲ್ಲರೂ ತಂತಮ್ಮ ಅಂಕ ಹೇಳುತ್ತಾರೆ. ಹೆಚ್ಚು ಅಂಕದ ಜೋಡಿಯಲ್ಲಿ ಒಬ್ಬರು ಆಡುತ್ತಾರೆ. ಇನ್ನೊಬ್ಬರ 13 ಎಲೆ ಮೇಜಿನ ಮೇಲೆ ತೆರೆದಿರುತ್ತದೆ. ಅವನ್ನು ನೋಡಿಕೊಂಡೇ ತುರುಫು ಆರಿಸಬಹುದು. ಇದು ನನಗೆ ತಿಳಿಯುವ ಹೊತ್ತಿಗೆ ಮೊಮ್ಮಗಳು ಕಾಲೇಜು ಸೇರಿದ್ದಳು.

ಬ್ರಿಜ್ ಬಲ್ಲ ಅಜ್ಜ ಅಜ್ಜಿಯರಲ್ಲಿ ಒಂದು ಕೋರಿಕೆ. ಈ ರಜೆಯಲ್ಲಿ ಮಗುವಿಗೆ ಗೊತ್ತಿರುವ ಇಸ್ಪೀಟನ್ನು ಮೊದಲು ನೀವು ಅದರ ಜೊತೆ ಆಡಿ. ಆಮೇಲೆ ನಿಮ್ಮ ಎಲೆಗಳನ್ನು ತೆರೆದಿಟ್ಟು, ಆಡುವ ಕೆಲಸ ಅದಕ್ಕೇ ಬಿಡಿ. ತಪ್ಪು ಎಲೆ ಬಿದ್ದಾಗ ಸುಮ್ಮನಿರಿ.