ಪೋಪುಂಡಾ? ಬೊರದಿಮಿ?
ಗುಂಡ್ಯದಲ್ಲಿ 'ಈ ಬಸ್ ಸುಬ್ರಹ್ಮಣ್ಯೊಗು ಪೋಪುಂಡಾ?' (ಹೋಗುತ್ತದಾ?) ಎಂದು ತುಳುವಿನಲ್ಲಿ ಕೇಳಿದರೆ 'ಪೋಪುಜಿ' (ಹೋಗುವುದಿಲ್ಲ) ಎನ್ನಬಹುದು. ಪ್ರಶ್ನೆಗೆ ಕ್ರಿಯಾಪದದ ಕೊನೆಗೊಂದು 'ಆ', ನಿರಾಕರಣೆ ಕ್ರಿಯಾಪದದ ಒಳಗೇ. ಉಜ್ಬೆಕ್ ಕಲಿಯ ಹೊರಟವರಿಗೆ ಇಷ್ಟು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ. ತುರ್ಕಿಕ್ ಕುಟುಂಬದ ಆ ಭಾಷೆಯಲ್ಲಿ 'ಬೊರದಿ' ಅಂದರೆ ಹೋಗುತ್ತದೆ. ಕೊನೆಗೆ 'ಮಿ' ಸೇರಿದರೆ ಪ್ರಶ್ನೆ: 'ಬೊರದಿಮಿ?' ಧಾತುವಿನ ಬೆನ್ನಿಗೇ 'ಮ' ಬಂದರೆ 'ಬೊರ್ಮೈದಿ', ಹೋಗುವುದಿಲ್ಲ. ಪದಗಳ ಕ್ರಮ ಕದಲುವುದೇ ಇಲ್ಲ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಇನ್ನೊಂದು. ನಮ್ಮ ಇಲ್ಲ–ಅಲ್ಲ, ತುಳುವಿನ ಇಜ್ಜಿ–ಅತ್ತ್ ಇದ್ದ ಹಾಗೆ ಅಲ್ಲೂ ಯೋಕ್–ಎಮಸ್ ಜೋಡಿಯಿದೆ. ನೀರಿಲ್ಲ: 'ಸುವ್ ಯೋಕ್'. ಇದು ನೀರಲ್ಲ: 'ಬು ಸುವ್ ಎಮಸ್'. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲೇ ತಡವರಿಸುವುದು. ಕನ್ನಡದವರು ದಯವಿಟ್ಟು ಕನ್ನಡದಲ್ಲೇ ಯೋಚಿಸಿ ಕಲಿಯಿರಿ.