ಪೇಟಿ ಅಂಗಡಿಯಿಂದ ಕಂಡ ಪುಣ್ಯಾಶ್ರಮ

ಎಪ್ಪತ್ತರ ದಶಕದಲ್ಲಿ ನನ್ನ ಸೋದರಮಾವ ಗದಗಿನಲ್ಲಿ ಪೇಟಿ ರಿಪೇರಿ ಮಾಡುತ್ತಿದ್ದ. ಆಗ ನಮ್ಮ ಕಡೆ ಹಾರ್ಮೋನಿಯಂ ಅನ್ನುತ್ತಿದ್ದವರು ರೇಡಿಯೋದವರು ಮಾತ್ರ, ಉಳಿದವರಿಗೆಲ್ಲ ಅದು ಪೇಟಿ. ಊರಲ್ಲಿ ಹತ್ತಿ ಜಿನ್ನುಗಳಿದ್ದವು, ಬೆಟಗೇರಿಯಲ್ಲಿ ಸೀರೆ ನೇಯುವ ಮಗ್ಗಗಳಿದ್ದವು, ಎಲ್ಲಿ ತಿರುಗಿದರೂ ಒಂದು ಛಾಪಖಾನೆ ಕಾಣುತ್ತಿತ್ತು. ಮಾವನ ಹೊಟ್ಟೆಪಾಡು ಮಾತ್ರ ಇವುಗಳಿಗೆಲ್ಲ ಹೊರಗಿನದು. ಅಂಗಡಿಗೆ ಬರುತ್ತಿದ್ದ ಪೇಟಿಗಳಲ್ಲಿ ಬಹುಪಾಲು, ಕಣ್ಣಿಲ್ಲದ ಮಕ್ಕಳಿಗೆ, ಬಡಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಹುಡುಗರು ನುಡಿಸಿದವು, ಅಲ್ಲಿ ಕಲಿತು ಹೊರಬಿದ್ದ ಪೇಟಿ ಮಾಸ್ತರರವು, ಇಲ್ಲವೇ ಆ ಮಾಸ್ತರರು ಕೂತು ನುಡಿಸುವ ನಾಟಕ ಕಂಪನಿಗಳವು.

ಮಳೆಗಾಲ ಬಂತೆಂದರೆ ಕೆಲಸ ಹೆಚ್ಚು. ಕಟ್ಟಿಗೆ ಉಬ್ಬಿ ಪೇಟಿಯ ಬೆರಳೊತ್ತುವ ಮನೆಗಳು ಸಿಕ್ಕಿಕೊಳ್ಳುತ್ತಿದ್ದವು, ಗಾಳಿ ಹಾಕುವ ಭಾತೆಯ ಮಡಿಕೆಯಲ್ಲಿ ಗಾಳಿ ಸೋರುತ್ತಿತ್ತು. ಸುರಗಳು ಗುಜರಾತಿನ ಪಾಲಿಟಾಣಾದಿಂದ ಬರುತ್ತಿದ್ದವು. ಹಿತ್ತಾಳೆಯ ಆ ಸಣ್ಣ ನಾಲಗೆಯನ್ನು ತುದಿಯಲ್ಲಿ ಅರ ಹಾಕಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಮಾವನ ಕಿವಿ ಚಲೋ ಇತ್ತು. ಆದರೂ ಕೊನೆಯ ಪರೀಕ್ಷೆಗೆ ಅವನು ಆಶ್ರಮದ ಒಬ್ಬ ಕುರುಡ ಹುಡುಗನನ್ನೇ ನಂಬುತ್ತಿದ್ದ. ಆ ಹುಡುಗ ಗೆಳೆಯನ ಹೆಗಲ ಮೇಲೆ ಕೈಯಿಟ್ಟುಕೊಂಡು ಬಂದು, ಕಟ್ಟೆಯ ಮೇಲೆ ಕೂತು, ಒಂದೊಂದೇ ಮನೆ ಒತ್ತಿ ಹೇಳುತ್ತಿದ್ದ: "ಕೋಮಲ ಗಾಂಧಾರ ಒಂದು ಕೂದಲೆಳಿ ಇಳದೈತಿ ನೋಡ್ರಿ ಮಾವಾರ." ಮಾವ ಮರುಮಾತಿಲ್ಲದೆ ಮತ್ತೆ ಪಟ್ಟಿ ಬಿಚ್ಚುತ್ತಿದ್ದ. ಹುಡುಗನಿಗೆ ಆಗ ಹದಿನಾಲ್ಕೋ ಹದಿನೈದೋ ಇರಬೇಕು. ಮಾವನಿಗಿಂತ ಹಿರಿಯ ಗಿರಾಕಿಗಳೂ ಅವನಿಗೆ "ನೀವು ಹೇಳ್ರಿ" ಅನ್ನುತ್ತಿದ್ದರು. ಅವನ ಊರಿನಲ್ಲಿ ಅವನ ವಾರಿಗೆಯ ಕಣ್ಣಿಲ್ಲದ ಮಗುವಿಗೆ ಅಂಥ ಬಹುವಚನ ಕನಸಿನಲ್ಲೂ ಸಿಗುತ್ತಿರಲಿಲ್ಲ.

ಆಶ್ರಮದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ದಕ್ಷಿಣದ ಓದುಗರಿಗಾಗಿ ಚುಟುಕಾಗಿ ಹೇಳುತ್ತೇನೆ. ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಹುಟ್ಟುಕುರುಡ. ಅಣ್ಣನಿಗೂ ಕಣ್ಣಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಈ ಮಕ್ಕಳ ಕಂಠ ಕೇಳಿ ಕರೆದೊಯ್ದು ಸಂಗೀತ ಕಲಿಸಿದರು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕ, ಹಿಂದುಸ್ತಾನಿ ಎರಡನ್ನೂ ಅರಗಿಸಿಕೊಂಡದ್ದಕ್ಕೆ ಜನ ಅವರನ್ನು ಉಭಯಗಾನ ವಿಶಾರದ ಎಂದು ಕರೆದರು. ತಮಗೆ ದಕ್ಕಿದ್ದನ್ನು ಅವರು ತಮ್ಮಂಥ ಮಕ್ಕಳಿಗೇ ತಿರುಗಿ ಕೊಡಲು ಹೊರಟರು. ಮೊದಮೊದಲು ಆ ಪಾಠಶಾಲೆಗೆ ಸ್ವಂತ ಸೂರು ಇರಲಿಲ್ಲ. ಗುರು, ಶಿಷ್ಯರು, ತಂಬೂರಿ, ತಬಲಾ ಎಲ್ಲ ಊರಿಂದೂರಿಗೆ ಹೋಗುತ್ತಿದ್ದವು. ಊಟ ಸಿಕ್ಕಲ್ಲಿ ಪಾಠ. 1940ರ ದಶಕದಲ್ಲಿ ಗದಗಿನಲ್ಲಿ ಅದು ನೆಲೆಯೂರಿತು. 1944ರಲ್ಲಿ ಪಂಚಾಕ್ಷರರು ಲಿಂಗೈಕ್ಯರಾದ ಮೇಲೆ ಭಾರ ಹೊತ್ತವರು ಶಿಷ್ಯ ಪುಟ್ಟಯ್ಯ, ಅಂದರೆ ಪುಟ್ಟರಾಜ ಗವಾಯಿಗಳು. ಅವರಿಗೂ ಕಣ್ಣಿರಲಿಲ್ಲ. ನಾವೆಲ್ಲ ಅಜ್ಜಾರು ಅನ್ನುತ್ತಿದ್ದೆವು.

ಇದೇ ಗದಗ ಸೀಮೆಯ ಶಾಲಾ ಮಾಸ್ತರರ ಮಗ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟದ್ದು ಎಲ್ಲರೂ ಮೆರೆಸುವ ಕಥೆ. ರೈಲಿನಲ್ಲಿ ಹಾಡುತ್ತ ಉತ್ತರ ಭಾರತವೆಲ್ಲ ಸುತ್ತಿ, ಕೊನೆಗೆ ಮನೆಯ ಹತ್ತಿರದ ಕುಂದಗೋಳದಲ್ಲೇ ಸವಾಯಿ ಗಂಧರ್ವರ ಕಾಲಿಗೆ ಬಿದ್ದರು. ಕಥೆ ಚೆಂದ, ಒಪ್ಪುತ್ತೇನೆ. ಆದರೆ ಓಡಿಹೋಗಲೂ ಕಾಲಿನ ಜೊತೆ ಕಣ್ಣು ಬೇಕು. ಕಣ್ಣಿಲ್ಲದ, ಅಪ್ಪನಿಲ್ಲದ, ಹೊಲವಿಲ್ಲದ ಹುಡುಗ ಯಾವ ರೈಲು ಹತ್ತಬೇಕು? ಅವನಿದ್ದಲ್ಲಿಗೇ ಗುರು ಬರಬೇಕಾಯಿತು. ಯಲಿವಾಳದ ಬಸವರಾಜ ರಾಜಗುರು ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಾಗ ಪಂಚಾಕ್ಷರರು ಹೀಗೆಯೇ ಅವರನ್ನು ತಮ್ಮ ಜೊತೆ ಕರೆದುಕೊಂಡರು. 1936ರಲ್ಲಿ ಹಂಪಿಯ ವಿಜಯನಗರ ಉತ್ಸವದಲ್ಲಿ ಶಿಷ್ಯ ಮೊದಲ ಸಲ ದೊಡ್ಡ ಸಭೆಯ ಮುಂದೆ ಹಾಡಿದಾಗ ತಬಲಾ ಹಿಡಿದು ಕೂತವರು ಸ್ವತಃ ಗುರುಗಳು. ಗುರು ಹಾಡಿ ಶಿಷ್ಯ ತಂಬೂರಿ ಮೀಟುವುದು ಲೋಕರೂಢಿ. ಇದು ಅದರ ತಿರುವುಮುರುವು.

ಬಳ್ಳಾರಿ ಸೀಮೆಯ ಲಕ್ಷ್ಮೀಪುರದಿಂದ ಬಂದ ಗಾಯಕ ವೆಂಕಟೇಶಕುಮಾರರ ತಂದೆ ತೊಗಲುಗೊಂಬೆ ಆಡಿಸುತ್ತ, ಜನಪದ ಹಾಡು ಹೇಳುತ್ತ ಬದುಕಿದವರು. ಹುಡುಗನನ್ನು ಅಜ್ಜಾರ ಕೈಗೆ ಒಪ್ಪಿಸಿದವರು ಸೋದರಮಾವ ಬೆಳಗಲ್ಲು ವೀರಣ್ಣ. ಆಶ್ರಮದಲ್ಲಿ ವೆಂಕಟೇಶಕುಮಾರರು ಕಲಿತದ್ದು ಹನ್ನೆರಡು ವರ್ಷ. ಈ ಅವಧಿಯನ್ನು ಇವತ್ತಿನ ಹದಿನೈದು ದಿನದ ಬೇಸಿಗೆ ಶಿಬಿರಗಳ ಪಕ್ಕ ಇಟ್ಟು ನೋಡಬೇಕು. ಬಡಮಕ್ಕಳಿಗೆ ಕಲೆ ತಲುಪಿಸುತ್ತೇವೆಂದು ಬರುವವರು ಸಾಮಾನ್ಯವಾಗಿ ಒಂದು ಟೀ ಶರ್ಟು, ಒಂದು ಪ್ರಮಾಣಪತ್ರ ಕೊಟ್ಟು ಹೋಗುತ್ತಾರೆ. ಆಶ್ರಮ ಕೊಟ್ಟದ್ದು ಹನ್ನೆರಡು ವರ್ಷದ ರೊಟ್ಟಿ, ಅದರ ಜೊತೆಗೆ ರಾಗ. ರೊಟ್ಟಿಯಿಲ್ಲದಿದ್ದರೆ ಹುಡುಗ ಮೂರನೆಯ ತಿಂಗಳಿಗೇ ಗೊಂಬೆಯಾಟಕ್ಕೋ ಕೂಲಿಗೋ ಮರಳುತ್ತಿದ್ದ.

ಆ ರೊಟ್ಟಿಯ ಜೋಳ ಎಲ್ಲಿಂದ ಬಂತು ಅನ್ನುವುದನ್ನು ನಾನು ಅಂಗಡಿ ಕಟ್ಟೆಯಿಂದಲೇ ನೋಡಿದ್ದೇನೆ. ಸುಗ್ಗಿ ಮುಗಿದ ಮೇಲೆ ಹಳ್ಳಿಗಳ ಚಕ್ಕಡಿಗಳು ಜೋಳದ ಚೀಲ ಹೊತ್ತು ಬರುತ್ತಿದ್ದವು. ತಂದವರು ದೊಡ್ಡ ಒಕ್ಕಲಿಗರೇ ಆಗಿರಬೇಕೆಂದಿಲ್ಲ. ಅರ್ಧ ಚೀಲ ತಂದವರೂ ಕೈಮುಗಿದು, ಪ್ರಸಾದ ಮಾಡಿ, ಹುಡುಗರ ಹಾಡು ಕೇಳಿ ಹೋಗುತ್ತಿದ್ದರು. ಇನ್ನೊಂದು ದಾರಿ ತುಲಾಭಾರ. ಊರೂರಿನವರು ಅಜ್ಜಾರನ್ನು ಕರೆಸಿ, ತಕ್ಕಡಿಯಲ್ಲಿ ಕೂರಿಸಿ ನಾಣ್ಯ ಸುರಿದು ತೂಗುತ್ತಿದ್ದರು. ದೂರದಿಂದ ನೋಡಿದವರಿಗೆ ಅದು ಸ್ವಾಮಿಗಳ ವೈಭವ. ಆ ನಾಣ್ಯ ಆಶ್ರಮದ ಒಲೆಗೆ ಹೋಗುತ್ತಿತ್ತೆಂದು ನಮ್ಮ ಊರಿಗೆ ಗೊತ್ತಿತ್ತು. ವಯಸ್ಸಾದ ಮೇಲೂ ಆ ಮನುಷ್ಯ ಹಳ್ಳಿಯಿಂದ ಹಳ್ಳಿಗೆ ಹೋಗಿ ತಕ್ಕಡಿ ಏರಿ ಕೂರುತ್ತಿದ್ದದ್ದು ತನ್ನ ಮಕ್ಕಳ ಊಟಕ್ಕೆ. ನನ್ನ ಮಟ್ಟಿಗೆ ಅದು ದುಡಿಮೆ, ಬೇರೆ ಹೆಸರು ಬೇಡ.

ಮೂರನೆಯ ದಾರಿ ನಾಟಕ. ಪಂಚಾಕ್ಷರ ಗವಾಯಿಗಳ ಹೆಸರಿನ ನಾಟ್ಯಸಂಘವನ್ನು ಅಜ್ಜಾರು ನಡೆಸಿದರು, ಅದಕ್ಕೆ ನಾಟಕಗಳನ್ನೂ ಬರೆದರು. ಕಣ್ಣಿಲ್ಲದವರು ನಾಟಕ ಕಂಪನಿ ಕಟ್ಟುವುದೆಂದರೆ ಇವತ್ತಿಗೂ ನನಗೆ ಸೋಜಿಗ. ಶರಣರ ಕಥೆಗಳಿಗೆ ಹಳ್ಳಿಯ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಟಿಕೀಟಿನ ದುಡ್ಡು ಆಶ್ರಮದ ಮಕ್ಕಳಿಗೆ. ಕಲಿತ ಹುಡುಗರಿಗೂ ಅಲ್ಲೇ ಕೆಲಸ: ಒಬ್ಬ ಕಾಲುಪೇಟಿಗೆ, ಒಬ್ಬ ತಬಲಾಕ್ಕೆ, ಕಂಠ ಇದ್ದವ ರಂಗದ ಮೇಲೆ. ಬೇರೆ ಕಂಪನಿಗಳೂ ಮಾಸ್ತರರು ಬೇಕೆಂದು ಗದಗಿಗೇ ಆಳು ಕಳಿಸುತ್ತಿದ್ದವು. ಹೀಗೆ ಕಲಿತ ವಿದ್ಯೆಗೆ ಹೊಸ್ತಿಲ ಹೊರಗೇ ಕೂಲಿ ಇತ್ತು. ಈ ಮಾತನ್ನು ಒತ್ತಿ ಹೇಳಬೇಕು. ಧರ್ಮಕ್ಕೆ ಕಲಿಸುವುದು ಅರ್ಧ ಕೆಲಸ, ಕಲಿತದ್ದಕ್ಕೆ ದುಡ್ಡು ಕೊಡುವವರು ಇರುವುದು ಉಳಿದರ್ಧ. ಆ ಉಳಿದರ್ಧವನ್ನು ನಮ್ಮ ಕಡೆ ಕಂಪನಿ ನಾಟಕ ಮಾಡಿತು.

ಇದೇ ಪೇಟಿಯನ್ನು ಆಕಾಶವಾಣಿ 1940ರಲ್ಲಿ ಹೊರಗಿಟ್ಟಿತ್ತು. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ ಬರುವುದಿಲ್ಲ, ಶ್ರುತಿ ಸರಿಯಿಲ್ಲ, ವಿದೇಶಿ ವಾದ್ಯ ಎಂಬ ದೂರುಗಳು. 1971ರಲ್ಲಿ ಕೊಂಚ ಸಡಿಲ ಮಾಡಿದರು. ಮಾವನಿಗೆ ಈ ವಿಷಯ ಹೇಳಿದರೆ ನಗುತ್ತಿದ್ದ: "ಅವರಿಗೆ ಬ್ಯಾಡಾದ್ರ ಇಲ್ಲಿ ಕಳಸ್ಲಿ, ನಾ ಸುರ ಹಚ್ತೀನಿ." ಮೀಂಡದ ವಾದ ನಿಜವೇ. ಆದರೆ ಮೂವತ್ತು ಹುಡುಗರಿಗೆ ಒಟ್ಟಿಗೆ ಪಾಠ ಹೇಳುವಾಗ ಒಂದು ಪೇಟಿ ಮಾಡುವ ಕೆಲಸವನ್ನು ನಾಲ್ಕು ಸಾರಂಗಿಗಳೂ ಮಾಡಲಾರವು. ಅಗ್ಗ, ಗಟ್ಟಿ, ಕುರುಡ ಬೆರಳಿಗೂ ದಾರಿ ತಪ್ಪದ ವಾದ್ಯ ಅದು.

ಆಶ್ರಮದೊಳಗೆ ಬೆಳಿಗ್ಗೆ ಹೋದರೆ ಒಂದು ಮೂಲೆಯಲ್ಲಿ ಭೈರವ, ಇನ್ನೊಂದರಲ್ಲಿ ಅಲಂಕಾರ, ಮತ್ತೊಂದರಲ್ಲಿ ತಬಲಾದ ಕಾಯದೆ, ಎಲ್ಲ ಏಕಕಾಲಕ್ಕೆ. ಹೊಸಬರಿಗೆ ತಲೆ ಚಿಟ್ಟು ಹಿಡಿಯುವ ಗದ್ದಲ. ಅದರ ನಡುವೆ ತನ್ನ ಷಡ್ಜ ಹಿಡಿದುಕೊಂಡವನೇ ಮುಂದೆ ಗಾಯಕ. ಕಣ್ಣಿದ್ದ ಹುಡುಗರು ಕುರುಡರ ಕೈ ಹಿಡಿದು ನಡೆಸುತ್ತಿದ್ದರು, ಬಂದೀಶು ಮರೆತಾಗ ಅವರನ್ನೇ ಕೇಳುತ್ತಿದ್ದರು. ಮಠದ ಪರಂಪರೆಯ ಸಂಸ್ಥೆಯಾದರೂ ಪಂಗತಿಯಲ್ಲಿ ಎಲ್ಲ ಜಾತಿಯ ಮಕ್ಕಳಿದ್ದರು. ನಾ ಕಂಡ ಸಾಲುಗಳಲ್ಲಿ ಹುಡುಗರೇ ಹೆಚ್ಚು. ನಮ್ಮ ಓಣಿಯಲ್ಲಿ ಚೆನ್ನಾಗಿ ಹಾಡುವ ಹುಡುಗಿಯರಿದ್ದರು, ಅವರನ್ನು ಸಂಗೀತಕ್ಕೆ ಕಳಿಸಲು ಮನೆಯವರೇ ಒಪ್ಪಲಿಲ್ಲ. "ನಾಟಕದಾಕಿ ಆಗ್ತಾಳ" ಎಂಬ ಹೆದರಿಕೆ. ನಾಟಕದ ದುಡ್ಡು ಮಾತ್ರ ಯಾರಿಗೂ ಮೈಲಿಗೆಯಾಗಲಿಲ್ಲ.

ಎಂಬತ್ತರ ದಶಕದ ಕೊನೆಗೆ ಟಿ.ವಿ. ಬಂತು. ರವಿವಾರ ಬೆಳಿಗ್ಗೆ ರಾಮಾಯಣ ಶುರುವಾದರೆ ಓಣಿಗಳು ಖಾಲಿ. ಟೆಂಟುಗಳು ಒಂದೊಂದಾಗಿ ಸುತ್ತಿಕೊಂಡವು. ಉಳಿದ ಕಂಪನಿಗಳು ಹಾಡು ಕಡಿಮೆ ಮಾಡಿ ಹಾಸ್ಯ ಹೆಚ್ಚಿಸಿದವು, ಕಾಲುಪೇಟಿಯ ಜಾಗಕ್ಕೆ ಕ್ಯಾಸಿಯೊ ಬಂತು, ಆಮೇಲೆ ರಿದಮ್ ಪ್ಯಾಡು. ಮಾವನ ಅಂಗಡಿಗೆ ಬರುವ ಪೇಟಿಗಳು ಭಜನಾ ಮಂಡಳಿಗಳವಷ್ಟೇ ಆದವು. ಅವನು ತೀರಿಕೊಂಡ ಮೇಲೆ ಅವನ ಮಗ ಅದೇ ಜಾಗದಲ್ಲಿ ಸೌಂಡ್ ಸರ್ವಿಸ್ ಇಟ್ಟಿದ್ದಾನೆ. ನಾಲ್ಕು ಕಾಸು ಹೆಚ್ಚೇ ದುಡಿಯುತ್ತಾನೆ, ಅದರಲ್ಲಿ ತಪ್ಪಿಲ್ಲ. ಪೇಟಿ ಕೆಟ್ಟರೆ ಈಗ ಹಲವರು ಹುಬ್ಬಳ್ಳಿಗೋ ಮಿರಜಿಗೋ ಒಯ್ಯುತ್ತಾರೆ.

ಆಶ್ರಮ ನಿಲ್ಲಲಿಲ್ಲ. 1995ರಲ್ಲಿ ಪಂಚಾಕ್ಷರ ಗವಾಯಿಗಳ ಮೇಲೆ ಸಿನಿಮಾ ಬಂತು. ಅದರ ಸಂಗೀತಕ್ಕೆ ಹಂಸಲೇಖರಿಗೂ ಗಾಯನಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಿಕ್ಕಿತು, ಗದಗಿನ ಹೆಸರು ಬೆಂಗಳೂರಿನವರ ಬಾಯಲ್ಲೂ ಬಂತು. 2010ರಲ್ಲಿ ಅಜ್ಜಾರಿಗೆ ಪದ್ಮಭೂಷಣ. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ಹೋದರು. ಆ ದಿನ ಗದಗಿನ ರಸ್ತೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇಶದ ಬೇರೆ ಕಡೆ ಇಂಥ ಜನ ಸೇರುವುದು ರಾಜಕಾರಣಿಗೆ, ಸಿನಿಮಾ ನಟನಿಗೆ. ಇಲ್ಲಿ ಸೇರಿದ್ದು ಒಬ್ಬ ಸಂಗೀತ ಮಾಸ್ತರರಿಗೆ. ಆರು ವರ್ಷದ ಬಳಿಕ ವೆಂಕಟೇಶಕುಮಾರರಿಗೆ ಪದ್ಮಶ್ರೀ ಬಂದಾಗ ನಮ್ಮ ಓಣಿಯ ಮುದುಕರು ಹೇಳಿದ್ದು, "ನಮ್ಮ ಜ್ವಾಳ ವ್ಯರ್ಥ ಹೋಗಲಿಲ್ಲ" ಎಂದು. ಅವರು ಕೊಟ್ಟದ್ದು ವರ್ಷಕ್ಕೊಂದು ಚೀಲವಿರಬಹುದು, ಆದರೂ ಆ ಮಾತು ಆಡುವ ಹಕ್ಕು ಅವರಿಗಿತ್ತು.

ಈಗ ಕಲಿಯುವುದು ಎಷ್ಟೋ ಸಲೀಸು. ಎಲೆಕ್ಟ್ರಾನಿಕ್ ತಂಬೂರಿ ಜೇಬಿನ ಫೋನಿನಲ್ಲೇ ಇದೆ. ಕಣ್ಣಿಲ್ಲದ ಹುಡುಗ ಫೋನಿನ ಮಾತು ಕೇಳುತ್ತಲೇ ಉಸ್ತಾದ್ ಅಮೀರ್ ಖಾನರ ಮಾರವಾ ರಾಗ ಹುಡುಕಿಕೊಳ್ಳುತ್ತಾನೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಮುಗಿಸಿಕೊಂಡು ಪ್ರಮಾಣಪತ್ರಗಳ ಕಟ್ಟು ಕೈಯಲ್ಲಿ ಹಿಡಿದು ಹೊರಗೆ ಬರುತ್ತಾನೆ. ಹೊಸ್ತಿಲ ಹೊರಗೆ ಮಾತ್ರ ಮೊದಲಿನ ಕೂಲಿ ಇಲ್ಲ. ಕಂಪನಿಗಳು ಬೆರಳೆಣಿಕೆಯವು. ನಮ್ಮ ಸುತ್ತಲಿನ ಸರಕಾರಿ ಶಾಲೆಗಳಲ್ಲಿ ಸಂಗೀತ ಮಾಸ್ತರರನ್ನು ಹುಡುಕಿದರೂ ಸಿಗುವುದು ಕಷ್ಟ. ಉಳಿದದ್ದು ಜಾತ್ರೆ, ಪುರಾಣ ಪ್ರವಚನದ ಮುಂದಿನ ವಚನಗಾಯನ, ಗೃಹಪ್ರವೇಶ, ಮದುವೆ.

ಅಲ್ಲಿ ನಡೆಯುವುದನ್ನೂ ನೋಡಿದ್ದೇನೆ. ಪೆಂಡಾಲಿನವನಿಗೆ ಮುಂಗಡ ಕೊಟ್ಟಿರುತ್ತಾರೆ. ಸೌಂಡಿನವನಿಗೆ, ಅಂದರೆ ನನ್ನ ಮಾವನ ಮಗನಿಗೆ, ಅಂದೇ ರಾತ್ರಿ ಲೆಕ್ಕ ತೀರಿಸುತ್ತಾರೆ. ಎರಡು ತಾಸು ಹಾಡಿದ ಗವಾಯಿಗೆ ಒಂದು ಶಾಲು, ಒಂದು ತೆಂಗಿನಕಾಯಿ, ಒಂದು ನಮಸ್ಕಾರ. ಕೇಳಿದರೆ, "ಆಶ್ರಮದ ಹುಡುಗ್ರು, ಪುಕ್ಕಟೆ ಕಲ್ತಾರ, ರೊಕ್ಕ ಕೇಳೂದಿಲ್ಲ" ಅನ್ನುತ್ತಾರೆ. ಅವರು ಕೇಳುವುದಿಲ್ಲ, ನಿಜ. ಕೇಳದಂತೆ ಬೆಳೆದವರು. ಆ ಕಲಿಕೆಯ ಬೆಲೆಯನ್ನು ಅರ್ಧ ಚೀಲ ಜೋಳ ತಂದವರು ಮೊದಲೇ ತೆತ್ತಿದ್ದಾರೆ. ಅವರು ತೆತ್ತದ್ದು ಹುಡುಗ ತನ್ನ ಕಾಲ ಮೇಲೆ ನಿಲ್ಲಲೆಂದು, ನಮ್ಮ ಮದುವೆಯ ಖರ್ಚು ಉಳಿಯಲೆಂದು ಅಲ್ಲ.

ಆದ್ದರಿಂದ ಇದನ್ನು ಓದುವವರಲ್ಲಿ ನನ್ನದೊಂದು ಕೇಳಿಕೆ. ಮನೆಯ ಕಾರ್ಯಕ್ಕೆ ಆಶ್ರಮದಲ್ಲಿ ಕಲಿತವರನ್ನು ಕರೆಯುವಾಗ ಸಂಭಾವನೆ ಎಷ್ಟೆಂದು ಮೊದಲೇ ಮಾತಾಡಿ, ತಬಲಾದವನಿಗೂ ಪೇಟಿಯವನಿಗೂ ಬೇರೆ ಬೇರೆ. ಅವರು "ನಿಮ್ಮ ಇಚ್ಛಾರಿ" ಅಂದರೆ ಸೌಂಡಿನವನಿಗೆ ಕೊಡುವುದಕ್ಕಿಂತ ಹೆಚ್ಚೇ ಕೊಡಿ. ಬಸ್ಸಿನ ಚಾರ್ಜು ಅದರಲ್ಲಿ ಹಿಡಿಯಬೇಡಿ, ಕಣ್ಣಿಲ್ಲದ ಗಾಯಕನ ಜೊತೆ ಬರುವ ಹುಡುಗನದೂ ಸೇರಿಸಿ ಬೇರೆಯೇ ಕೊಡಿ. ಶಾಲು ಬೇಕಾದರೆ ಆಮೇಲೆ ಹೊದಿಸಿ.